ಕರ್ತವ್ಯದಲ್ಲಿ ಗಾಯಗೊಂಡು ಅಂಗವಿಕಲತೆ ಹೊಂದಿದ ಪೊಲೀಸ್ ಅಧಿಕಾರಿ ಮತ್ತು ಸಿಬ್ಬಂದಿ: ಸೇವಾ ರಕ್ಷಣೆ ಹಾಗೂ ಅಶಕ್ತತಾ ನಿವೃತ್ತಿ ಕುರಿತ ಮಾಹಿತಿ (ಬೆಂಗಳೂರು ಗ್ರಾಮಾಂತರ ಜಿಲ್ಲೆ)

1. ಪೀಠಿಕೆ

ಪೊಲೀಸ್ ಇಲಾಖೆಯ ಅಧಿಕಾರಿಗಳು ಮತ್ತು ಸಿಬ್ಬಂದಿ ಬಂದೋಬಸ್ತ್, ರಾತ್ರಿ ಗಸ್ತು, ಆರೋಪಿಗಳ ದಸ್ತಗಿರಿ, ಹೆದ್ದಾರಿಯಲ್ಲಿ ವಾಹನ ತಪಾಸಣೆ, ಗಲಭೆ ನಿಯಂತ್ರಣ ಮುಂತಾದ ಕರ್ತವ್ಯಗಳನ್ನು ನಿರ್ವಹಿಸುವಾಗ ಗಾಯಗೊಳ್ಳುವ ಸಂದರ್ಭಗಳು ಉಂಟು. ಇಂತಹ ಗಾಯಗಳಲ್ಲಿ ಹೆಚ್ಚಿನವು ಚಿಕಿತ್ಸೆಯಿಂದ ಗುಣವಾಗುತ್ತವೆ. ಆದರೆ ಕೆಲವು ಪ್ರಕರಣಗಳಲ್ಲಿ ಕೈ ಕಾಲುಗಳ ನಷ್ಟ, ದೃಷ್ಟಿ ಅಥವಾ ಶ್ರವಣ ದೋಷ, ಬೆನ್ನುಹುರಿಯ ಹಾನಿ, ತಲೆಗೆ ಬಿದ್ದ ಪೆಟ್ಟಿನಿಂದ ಉಂಟಾಗುವ ಮಾನಸಿಕ ತೊಂದರೆ ಇತ್ಯಾದಿ ಶಾಶ್ವತ ಅಂಗವಿಕಲತೆ ಉಂಟಾಗುತ್ತದೆ. ಅಂತಹ ಸಂದರ್ಭದಲ್ಲಿ ಸದರಿ ನೌಕರರು ಸೇವೆಯಲ್ಲಿ ಮುಂದುವರಿಯಬೇಕೇ, ನಿವೃತ್ತಿ ಹೊಂದಬೇಕೇ, ನಿವೃತ್ತಿ ಹೊಂದಿದಲ್ಲಿ ದೊರೆಯುವ ಸೌಲಭ್ಯಗಳು ಯಾವುವು ಎಂಬ ವಿಷಯದಲ್ಲಿ ನೌಕರರಿಗೂ ಅವರ ಕುಟುಂಬದವರಿಗೂ ಸಾಕಷ್ಟು ಮಾಹಿತಿ ಇರುವುದಿಲ್ಲ.

ಈ ಮಾಹಿತಿ ಪುಟದಲ್ಲಿ ತಿಳಿಸಬಯಸುವ ಮುಖ್ಯ ವಿಷಯ ಒಂದೇ. ಅಂಗವಿಕಲತೆ ಉಂಟಾದ ಮಾತ್ರಕ್ಕೆ ನಿವೃತ್ತಿಯು ಅನಿವಾರ್ಯವಲ್ಲ. ಸೇವೆಯಲ್ಲಿ ಮುಂದುವರಿಯುವ ಹಕ್ಕು ಮೊದಲನೆಯದು; ಅಶಕ್ತತಾ ನಿವೃತ್ತಿಯು ಆ ನಂತರದ್ದು. ಈ ಕ್ರಮವನ್ನು ತಿಳಿಯದೆ ಆಸ್ಪತ್ರೆಯಲ್ಲಿರುವಾಗಲೇ ಅಥವಾ ರಜೆ ಮುಗಿಯುತ್ತಿರುವ ಆತಂಕದಲ್ಲಿ ನಿವೃತ್ತಿ ಕೋರಿ ಸಹಿ ಮಾಡಿದ ಅರ್ಜಿಯಿಂದ ಹಲವು ವರ್ಷಗಳ ವೇತನ, ವಾರ್ಷಿಕ ಬಡ್ತಿ ಮತ್ತು ಪದೋನ್ನತಿಯ ಅವಕಾಶಗಳು ಕೈತಪ್ಪಬಹುದು.

2. ಕಡತವು ಯಾವ ಕಚೇರಿಗೆ ಸಂಬಂಧಿಸಿದ್ದು

ಬೆಂಗಳೂರು ಗ್ರಾಮಾಂತರ ಜಿಲ್ಲೆಯು 1986ರಲ್ಲಿ ಹಿಂದಿನ ಬೆಂಗಳೂರು ಜಿಲ್ಲೆಯ ವಿಭಜನೆಯಿಂದ ರಚನೆಯಾಯಿತು. 2007ರಲ್ಲಿ ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ತಾಲ್ಲೂಕುಗಳು ಪ್ರತ್ಯೇಕವಾಗಿ ರಾಮನಗರ ಜಿಲ್ಲೆಯಾದ ನಂತರ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ ಮತ್ತು ನೆಲಮಂಗಲ ಎಂಬ ನಾಲ್ಕು ತಾಲ್ಲೂಕುಗಳು ಈ ಜಿಲ್ಲೆಯಲ್ಲಿ ಉಳಿದವು. ಜಿಲ್ಲೆಯ ಹೆಸರನ್ನು ಬೆಂಗಳೂರು ಉತ್ತರ ಎಂದು ಬದಲಾಯಿಸಲು ರಾಜ್ಯ ಸಚಿವ ಸಂಪುಟವು 2025ರ ಜುಲೈ ತಿಂಗಳಲ್ಲಿ ತೀರ್ಮಾನಿಸಿತು. ಆದ್ದರಿಂದ ಹಳೆಯ ಸೇವಾ ಪುಸ್ತಕಗಳಲ್ಲಿ ಮತ್ತು ಹೊಸ ಕಾಗದಪತ್ರಗಳಲ್ಲಿ ಜಿಲ್ಲೆಯ ಅಥವಾ ಘಟಕದ ಹೆಸರು ಬೇರೆ ಬೇರೆಯಾಗಿ ಕಂಡುಬಂದಲ್ಲಿ ಗೊಂದಲಕ್ಕೆ ಒಳಗಾಗಬೇಕಾಗಿಲ್ಲ. ಆದರೆ 2007ಕ್ಕೆ ಮೊದಲು, ಆ ನಂತರ ರಾಮನಗರ ಜಿಲ್ಲೆಗೆ ಸೇರಿದ ಠಾಣೆಗಳಲ್ಲಿ ಕೆಲಸ ಮಾಡಿದ ಅವಧಿಯ ಸೇವಾ ದೃಢೀಕರಣವು ಸೇವಾ ಪುಸ್ತಕದಲ್ಲಿ ಇದೆಯೇ ಎಂಬುದನ್ನು ಮುಂಚಿತವಾಗಿ ಪರಿಶೀಲಿಸಿಕೊಳ್ಳುವುದು ಸೂಕ್ತ.

ಜಿಲ್ಲಾ ಪೊಲೀಸ್ ಘಟಕವು ಕೇಂದ್ರ ವಲಯದ ಪೊಲೀಸ್ ಮಹಾನಿರೀಕ್ಷಕರ (ಐ.ಜಿ.ಪಿ.) ಮೇಲ್ವಿಚಾರಣೆಯಲ್ಲಿದೆ. ಕಾನ್‌ಸ್ಟೇಬಲ್ ಮತ್ತು ಹೆಡ್ ಕಾನ್‌ಸ್ಟೇಬಲ್ ದರ್ಜೆಯವರ ಅರ್ಜಿಗಳು ಠಾಣಾಧಿಕಾರಿ, ವೃತ್ತ ನಿರೀಕ್ಷಕರು ಮತ್ತು ಉಪವಿಭಾಗದ ಉಪಾಧೀಕ್ಷಕರ ಮೂಲಕ ಜಿಲ್ಲಾ ಪೊಲೀಸ್ ಅಧೀಕ್ಷಕರಿಗೆ (ಎಸ್.ಪಿ.) ತಲುಪತಕ್ಕದ್ದು. ಮೇಲಿನ ದರ್ಜೆಯವರ ಅರ್ಜಿಗಳು ಅಧೀಕ್ಷಕರ ಶಿಫಾರಸಿನೊಂದಿಗೆ ಅವರವರ ನೇಮಕಾತಿ ಪ್ರಾಧಿಕಾರಕ್ಕೆ ಹೋಗುತ್ತವೆ.

ಘಟನೆ ನಡೆದ ಸ್ಥಳಕ್ಕಿಂತ ನೌಕರರು ಸೇರಿದ ಘಟಕವೇ ಇಲ್ಲಿ ಮುಖ್ಯ. ಉದಾಹರಣೆಗೆ, ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣವು ದೇವನಹಳ್ಳಿ ತಾಲ್ಲೂಕಿನಲ್ಲಿದ್ದರೂ ಅಲ್ಲಿನ ಪೊಲೀಸ್ ಠಾಣೆಯು ಬೆಂಗಳೂರು ನಗರ ಪೊಲೀಸ್ ಆಯುಕ್ತರ ವ್ಯಾಪ್ತಿಗೆ ಸೇರಿದೆ. ಜಿಲ್ಲೆಯ ಸಿಬ್ಬಂದಿ ನಗರದ ಬಂದೋಬಸ್ತ್‌ಗೆ ನಿಯೋಜನೆಗೊಂಡು ಅಲ್ಲಿ ಗಾಯಗೊಂಡರೂ ಅವರ ಸೇವಾ ಮತ್ತು ನಿವೃತ್ತಿ ವೇತನದ ಕಡತವು ಅವರ ಮೂಲ ಘಟಕದಲ್ಲಿಯೇ ನಡೆಯುತ್ತದೆ. ನಿಯೋಜನೆಯ ಆದೇಶದ ಪ್ರತಿಯನ್ನು ಮಾತ್ರ ತಪ್ಪದೆ ಪಡೆದಿರಬೇಕು.

3. ಬೇರೆ ಬೇರೆಯಾಗಿ ಕೇಳಬೇಕಾದ ಮೂರು ಪ್ರಶ್ನೆಗಳು

ಇಂತಹ ಪ್ರಕರಣಗಳಲ್ಲಿ ಮೂರು ಪ್ರಶ್ನೆಗಳು ಒಂದರೊಳಗೊಂದು ಬೆರೆತುಹೋಗುವುದರಿಂದ ವಿಳಂಬವೂ ನಷ್ಟವೂ ಆಗುತ್ತದೆ. ಅವುಗಳನ್ನು ಬಿಡಿಸಿ ನೋಡುವುದು ಅಗತ್ಯ.

(ಅ) ಅಂಗವಿಕಲತೆಯು ಸೇವೆಯಲ್ಲಿರುವಾಗ ಉಂಟಾಯಿತೇ? ಹೌದಾದಲ್ಲಿ ಸೇವಾ ರಕ್ಷಣೆಯ ಹಕ್ಕು ಉದ್ಭವಿಸುತ್ತದೆ. ಇದಕ್ಕೆ ಗಾಯವು ಕರ್ತವ್ಯದಲ್ಲಿಯೇ ಆಗಿರಬೇಕೆಂಬ ನಿರ್ಬಂಧವಿಲ್ಲ. ರಜೆಯಲ್ಲಿರುವಾಗ ಅಪಘಾತವಾಗಿದ್ದರೂ ಈ ಹಕ್ಕು ಇರುತ್ತದೆ.

(ಆ) ಗಾಯವು ಕರ್ತವ್ಯದ ಕಾರಣದಿಂದ ಆಯಿತೇ? ಇದು ಅಸಾಧಾರಣ ನಿವೃತ್ತಿ ವೇತನ, ವಿಶೇಷ ಅಶಕ್ತತಾ ರಜೆ ಮುಂತಾದ ಹೆಚ್ಚುವರಿ ಸೌಲಭ್ಯಗಳಿಗೆ ಸಂಬಂಧಿಸಿದ ಪ್ರಶ್ನೆ. ಇದಕ್ಕೆ ಘಟನೆಯ ದಾಖಲೆಗಳೇ ಆಧಾರ.

(ಇ) ನೌಕರರು ಯಾವುದೇ ಸರ್ಕಾರಿ ಕೆಲಸವನ್ನು ಮಾಡಲು ಪೂರ್ಣವಾಗಿ ಮತ್ತು ಶಾಶ್ವತವಾಗಿ ಅಶಕ್ತರೇ? ಇದು ಅಶಕ್ತತಾ ನಿವೃತ್ತಿಗೆ ಸಂಬಂಧಿಸಿದ ಪ್ರಶ್ನೆ. ಇದನ್ನು ವೈದ್ಯಕೀಯ ಮಂಡಳಿಯು ಪರಿಶೀಲಿಸಿ ಅಭಿಪ್ರಾಯ ನೀಡುತ್ತದೆ.

ಓಡುವುದು, ಲಾಠಿ ಹಿಡಿಯುವುದು, ರಾತ್ರಿ ಗಸ್ತು ತಿರುಗುವುದು ಸಾಧ್ಯವಿಲ್ಲ ಎಂದ ಮಾತ್ರಕ್ಕೆ ಮೂರನೆಯ ಪ್ರಶ್ನೆಗೆ ಹೌದು ಎಂಬ ಉತ್ತರ ದೊರೆತಂತಾಗುವುದಿಲ್ಲ. ಠಾಣೆಯ ಬರಹದ ಕೆಲಸ, ಗಣಕಯಂತ್ರದ ಕೆಲಸ, ನಿಸ್ತಂತು ಮತ್ತು ನಿಯಂತ್ರಣ ಕೊಠಡಿ, ಜಿಲ್ಲಾ ಪೊಲೀಸ್ ಕಚೇರಿಯ ಶಾಖೆಗಳು, ತರಬೇತಿ ಮುಂತಾದ ಕೆಲಸಗಳೂ ಇಲಾಖೆಯಲ್ಲಿವೆ.

4. ಗಾಯವಾದ ದಿನವೇ ಆಗಬೇಕಾದ ದಾಖಲೆಗಳು

ಜಿಲ್ಲೆಯ ಮೂಲಕ ಹಾದುಹೋಗುವ ಬೆಂಗಳೂರು–ತುಮಕೂರು, ಬೆಂಗಳೂರು–ಹೈದರಾಬಾದ್, ನೆಲಮಂಗಲ–ಹಾಸನ, ಹೊಸಕೋಟೆ–ಕೋಲಾರ ಹೆದ್ದಾರಿಗಳಲ್ಲಿಯೂ, ದಾಬಸ್‌ಪೇಟೆಯಿಂದ ದೊಡ್ಡಬಳ್ಳಾಪುರ ಹಾಗೂ ದೇವನಹಳ್ಳಿಯ ಮೂಲಕ ಹೊಸಕೋಟೆಗೆ ಸೇರುವ ರಸ್ತೆಯಲ್ಲಿಯೂ ಭಾರಿ ವಾಹನಗಳ ಸಂಚಾರ ಅಧಿಕ. ರಾತ್ರಿ ವೇಳೆ ತಪಾಸಣೆಯಲ್ಲಿರುವ ಅಥವಾ ಅಪಘಾತ ಸ್ಥಳದಲ್ಲಿ ವಾಹನ ತೆರವುಗೊಳಿಸುತ್ತಿರುವ ಸಿಬ್ಬಂದಿಗೆ ವಾಹನ ಡಿಕ್ಕಿಯಾದಾಗ ಸಹೋದ್ಯೋಗಿಗಳ ಗಮನವೆಲ್ಲ ಚಿಕಿತ್ಸೆಯ ಕಡೆ ಇರುವುದು ಸಹಜ. ಆದರೆ ಅದೇ ದಿನ ಈ ಕೆಳಕಂಡ ದಾಖಲೆಗಳು ಆಗದಿದ್ದಲ್ಲಿ ವರ್ಷಗಳ ನಂತರ ಗಾಯವು ಕರ್ತವ್ಯದಲ್ಲಿಯೇ ಆಯಿತೆಂದು ತೋರಿಸುವುದು ಕಷ್ಟವಾಗುತ್ತದೆ.

– ಠಾಣಾ ದಿನಚರಿಯಲ್ಲಿ ಕರ್ತವ್ಯಕ್ಕೆ ನಿಯೋಜಿಸಿದ ವೇಳೆ, ಸ್ಥಳ ಮತ್ತು ಘಟನೆಯ ವೇಳೆಯ ನಮೂದು.
– ಬಂದೋಬಸ್ತ್ ಅಥವಾ ವಿಶೇಷ ಕರ್ತವ್ಯವಾಗಿದ್ದಲ್ಲಿ ನಿಯೋಜನೆಯ ಆದೇಶ.
– ಪ್ರಥಮ ವರ್ತಮಾನ ವರದಿ (ಎಫ್.ಐ.ಆರ್.). ಹಲ್ಲೆಯ ಪ್ರಕರಣಗಳಲ್ಲಿ ಘಟನೆಯು 2024ರ ಜುಲೈ 1ರಂದು ಅಥವಾ ಆ ನಂತರ ನಡೆದಿದ್ದಲ್ಲಿ ಭಾರತೀಯ ನ್ಯಾಯ ಸಂಹಿತೆ, 2023ರ ಕಲಂ 121 ಮತ್ತು 132 ಸಾರ್ವಜನಿಕ ನೌಕರರ ಮೇಲಿನ ಹಲ್ಲೆಗೆ ಸಂಬಂಧಿಸಿವೆ. ಅದಕ್ಕೆ ಮುಂಚಿನ ಘಟನೆಗಳಿಗೆ ಭಾರತೀಯ ದಂಡ ಸಂಹಿತೆಯ ಕಲಂ 332, 333 ಮತ್ತು 353 ಅನ್ವಯಿಸುತ್ತವೆ.
– ಮೊದಲು ಚಿಕಿತ್ಸೆ ನೀಡಿದ ಆಸ್ಪತ್ರೆಯ ವೈದ್ಯಕೀಯ ಕಾನೂನು ಪ್ರಕರಣದ (ಎಂ.ಎಲ್.ಸಿ.) ನಮೂದು ಮತ್ತು ಗಾಯದ ಪ್ರಮಾಣ ಪತ್ರ. ತಾಲ್ಲೂಕು ಆಸ್ಪತ್ರೆಯಿಂದ ಬೆಂಗಳೂರಿನ ಆಸ್ಪತ್ರೆಗೆ ಕಳುಹಿಸಿದ್ದಲ್ಲಿ ಎರಡೂ ಆಸ್ಪತ್ರೆಗಳ ದಾಖಲೆಗಳು ಬೇಕಾಗುತ್ತವೆ.
– ಜೊತೆಯಲ್ಲಿದ್ದ ಸಿಬ್ಬಂದಿಯ ಹೇಳಿಕೆಗಳು ಮತ್ತು ಠಾಣಾಧಿಕಾರಿಯು ಅಧೀಕ್ಷಕರಿಗೆ ಸಲ್ಲಿಸಿದ ವಿಶೇಷ ವರದಿ.

ಗಾಯಾಳುವು ಪ್ರಜ್ಞಾಹೀನ ಸ್ಥಿತಿಯಲ್ಲಿದ್ದರೆ ಅಥವಾ ಓಡಾಡಲಾರದ ಸ್ಥಿತಿಯಲ್ಲಿದ್ದರೆ ಕುಟುಂಬದವರು ಠಾಣಾಧಿಕಾರಿಗಳಿಗೆ ಲಿಖಿತ ಮನವಿ ಸಲ್ಲಿಸಿ ಈ ದಾಖಲೆಗಳ ಪ್ರತಿಗಳನ್ನು ಕೋರಬಹುದಾಗಿರುತ್ತದೆ. ಗಾಯದ ವಿವರವನ್ನು ಸೇವಾ ಪುಸ್ತಕದಲ್ಲಿ ನಮೂದಿಸುವಂತೆಯೂ ಮನವಿ ಮಾಡಿಕೊಳ್ಳತಕ್ಕದ್ದು.

5. ಚಿಕಿತ್ಸೆ ಮತ್ತು ರಜೆ

ಪೊಲೀಸ್ ಸಿಬ್ಬಂದಿ ಮತ್ತು ಅವರ ಅವಲಂಬಿತರ ಚಿಕಿತ್ಸೆಗಾಗಿ ಇಲಾಖೆಯಲ್ಲಿ ಆರೋಗ್ಯ ಭಾಗ್ಯ ಯೋಜನೆ ಇರುತ್ತದೆ. ಯೋಜನೆಯ ಮಾನ್ಯತೆ ಪಡೆದ ಆಸ್ಪತ್ರೆಗಳಲ್ಲಿ ಒಳರೋಗಿಯಾಗಿ ಚಿಕಿತ್ಸೆ ಪಡೆಯುವಾಗ ಗುರುತಿನ ಚೀಟಿಯನ್ನು ಹಾಜರುಪಡಿಸಿ ಘಟಕದ ಕಚೇರಿಯಿಂದ ಅಗತ್ಯ ಪತ್ರವನ್ನು ಪಡೆಯತಕ್ಕದ್ದು. ಯೋಜನೆಯ ವ್ಯಾಪ್ತಿಗೆ ಬಾರದ ವೆಚ್ಚಗಳಿಗೆ ಕರ್ನಾಟಕ ಸರ್ಕಾರಿ ನೌಕರರ (ವೈದ್ಯಕೀಯ ಹಾಜರಾತಿ) ನಿಯಮಗಳು, 1963ರ ಮೇರೆಗೆ ಮರುಪಾವತಿ ಕೋರಲು ಅವಕಾಶವಿದೆಯೇ ಎಂಬುದನ್ನು ಕಚೇರಿಯಲ್ಲಿ ವಿಚಾರಿಸಬೇಕು. ಮೂಲ ಬಿಲ್ಲುಗಳನ್ನು ಸಲ್ಲಿಸುವ ಮೊದಲು ಅವುಗಳ ಛಾಯಾಪ್ರತಿ ಇಟ್ಟುಕೊಳ್ಳುವುದು ಒಳಿತು.

ಕರ್ತವ್ಯದ ಕಾರಣದಿಂದ ಗಾಯಗೊಂಡವರಿಗೆ ಸೇವಾ ನಿಯಮಾವಳಿಯಲ್ಲಿ ವಿಶೇಷ ಅಶಕ್ತತಾ ರಜೆಯ ಅವಕಾಶ ಇರುತ್ತದೆ. ಇದು ನೌಕರರ ಖಾತೆಯಲ್ಲಿರುವ ಗಳಿಕೆ ರಜೆ ಮತ್ತು ಅರ್ಧ ವೇತನ ರಜೆಗಿಂತ ಭಿನ್ನವಾದುದು. ಅನೇಕರು ಇದನ್ನು ತಿಳಿಯದೆ ತಮ್ಮ ಗಳಿಕೆ ರಜೆಯನ್ನೆಲ್ಲ ಬಳಸಿಬಿಡುತ್ತಾರೆ. ಆದ್ದರಿಂದ ರಜೆ ಅರ್ಜಿಯಲ್ಲಿಯೇ ಗಾಯವು ಕರ್ತವ್ಯದಲ್ಲಿ ಆದುದೆಂದು ಸ್ಪಷ್ಟವಾಗಿ ಬರೆದು ವಿಶೇಷ ಅಶಕ್ತತಾ ರಜೆಯನ್ನು ಕೋರುವುದು ಅಪೇಕ್ಷಣೀಯ. ರಜೆಯು ಮುಗಿಯುವ ಮುನ್ನವೇ ವಿಸ್ತರಣೆಯ ಅರ್ಜಿಯನ್ನು ವೈದ್ಯಕೀಯ ಪ್ರಮಾಣ ಪತ್ರದೊಂದಿಗೆ ಕಳುಹಿಸಬೇಕು. ಅರ್ಜಿಯಿಲ್ಲದೆ ಗೈರುಹಾಜರಾದಲ್ಲಿ ಶಿಸ್ತು ಕ್ರಮದ ಪ್ರಶ್ನೆ ಉದ್ಭವಿಸಿ ಮೂಲ ವಿಷಯವೇ ಮರೆಯಾಗುವ ಸಂಭವವಿರುತ್ತದೆ.

6. ಸೇವಾ ರಕ್ಷಣೆ

ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, 2016 ದಿನಾಂಕ 19-4-2017ರಿಂದ ಜಾರಿಗೆ ಬಂದಿದೆ. ಅದರ ಕಲಂ 20(4)ರ ಪ್ರಕಾರ ಸೇವಾವಧಿಯಲ್ಲಿ ಅಂಗವಿಕಲತೆ ಹೊಂದಿದ ನೌಕರರನ್ನು ಯಾವುದೇ ಸರ್ಕಾರಿ ಸಂಸ್ಥೆಯು ಸೇವೆಯಿಂದ ತೆಗೆಯುವಂತಿಲ್ಲ ಹಾಗೂ ಅವರ ದರ್ಜೆಯನ್ನು ಇಳಿಸುವಂತಿಲ್ಲ. ಅವರು ಹೊಂದಿರುವ ಹುದ್ದೆಗೆ ಸೂಕ್ತರಲ್ಲವೆಂದು ಕಂಡುಬಂದಲ್ಲಿ ಅದೇ ವೇತನ ಶ್ರೇಣಿ ಮತ್ತು ಸೇವಾ ಸೌಲಭ್ಯಗಳಿರುವ ಬೇರೊಂದು ಹುದ್ದೆಗೆ ಬದಲಾಯಿಸಬೇಕು. ಅಂತಹ ಹುದ್ದೆ ಲಭ್ಯವಿಲ್ಲದಿದ್ದಲ್ಲಿ, ಸೂಕ್ತ ಹುದ್ದೆ ದೊರೆಯುವವರೆಗೆ ಅಥವಾ ವಯೋನಿವೃತ್ತಿಯವರೆಗೆ, ಇವೆರಡರಲ್ಲಿ ಯಾವುದು ಮೊದಲೋ ಅಲ್ಲಿಯವರೆಗೆ, ಸಂಖ್ಯಾತಿರಿಕ್ತ (ಸೂಪರ್‌ನ್ಯೂಮರರಿ) ಹುದ್ದೆಯಲ್ಲಿ ಇರಿಸಿಕೊಳ್ಳಬೇಕು. ಕಲಂ 20(3)ರ ಪ್ರಕಾರ ಕೇವಲ ಅಂಗವಿಕಲತೆಯ ಕಾರಣಕ್ಕೆ ಪದೋನ್ನತಿಯನ್ನು ನಿರಾಕರಿಸುವಂತಿಲ್ಲ.

ಇಂತಹದೇ ರಕ್ಷಣೆಯು 1996ರ ಫೆಬ್ರವರಿ 7ರಿಂದ ಜಾರಿಯಲ್ಲಿದ್ದ 1995ರ ಹಿಂದಿನ ಅಧಿನಿಯಮದ ಕಲಂ 47ರಲ್ಲಿಯೂ ಇತ್ತು. ಆ ಕಲಮಿನ ಮೇಲೆ ಸರ್ವೋಚ್ಚ ನ್ಯಾಯಾಲಯವು ನೀಡಿದ ಎರಡು ತೀರ್ಪುಗಳನ್ನು ಪ್ರತಿಯೊಬ್ಬ ಸಿಬ್ಬಂದಿಯೂ ತಿಳಿದಿರುವುದು ಉಪಯುಕ್ತ.

ಕುನಾಲ್ ಸಿಂಗ್ ಪ್ರಕರಣ (2003): ಸದರಿ ಅರ್ಜಿದಾರರು ಕೇಂದ್ರ ಸರ್ಕಾರದ ಸ್ಪೆಷಲ್ ಸರ್ವಿಸ್ ಬ್ಯೂರೋದಲ್ಲಿ ಕಾನ್‌ಸ್ಟೇಬಲ್ ಆಗಿದ್ದರು. ಕರ್ತವ್ಯದಲ್ಲಿ ಎಡಗಾಲಿಗೆ ಆದ ಗಾಯವು ಕೊಳೆತು ಕಾಲನ್ನು ಕತ್ತರಿಸಬೇಕಾಯಿತು. 1998ರಲ್ಲಿ ಅವರನ್ನು ಶಾಶ್ವತವಾಗಿ ಅಶಕ್ತರೆಂದು ಪರಿಗಣಿಸಿ ಸೇವೆಯಿಂದ ನಿವೃತ್ತಿಗೊಳಿಸಲಾಯಿತು. ಅಶಕ್ತತಾ ನಿವೃತ್ತಿ ವೇತನ ದೊರೆಯುತ್ತದೆ ಎಂಬ ಕಾರಣದಿಂದ ಕಲಂ 47ರ ರಕ್ಷಣೆಯನ್ನು ನಿರಾಕರಿಸಲಾಗದು ಎಂದು ನ್ಯಾಯಾಲಯವು ತೀರ್ಪು ನೀಡಿ ಅವರ ಪರವಾಗಿ ಆದೇಶಿಸಿತು. ನಿವೃತ್ತಿ ವೇತನದ ನಿಯಮವು ಅಂಗವಿಕಲರ ರಕ್ಷಣೆಗಾಗಿ ಮಾಡಿದ ವಿಶೇಷ ಕಾನೂನನ್ನು ಮೀರಲಾರದು ಎಂಬುದು ಇದರ ಸಾರಾಂಶ.

ಭಗವಾನ್ ದಾಸ್ ಪ್ರಕರಣ (2008): ಪಂಜಾಬ್ ರಾಜ್ಯ ವಿದ್ಯುಚ್ಛಕ್ತಿ ಮಂಡಳಿಯ ಸಹಾಯಕ ಲೈನ್‌ಮನ್ ಒಬ್ಬರು ಸೇವೆಯಲ್ಲಿರುವಾಗ ಸಂಪೂರ್ಣವಾಗಿ ದೃಷ್ಟಿ ಕಳೆದುಕೊಂಡು, ತಮ್ಮ ಹಕ್ಕನ್ನು ತಿಳಿಯದೆ ನಿವೃತ್ತಿ ಕೋರಿ ಪತ್ರ ಬರೆದಿದ್ದರು. ಅಂತಹ ಸ್ಥಿತಿಯಲ್ಲಿ ಬರೆದ ಪತ್ರವನ್ನು ಆಧಾರವಾಗಿಟ್ಟುಕೊಂಡು ಸೇವೆಯನ್ನು ಮುಕ್ತಾಯಗೊಳಿಸಿದುದು ಸರಿಯಲ್ಲವೆಂದೂ, ಕಾನೂನಿನ ಹಕ್ಕನ್ನು ನೌಕರರಿಗೆ ವಿವರಿಸುವುದು ಮೇಲಧಿಕಾರಿಗಳ ಕರ್ತವ್ಯವಾಗಿತ್ತೆಂದೂ ನ್ಯಾಯಾಲಯವು ಅಭಿಪ್ರಾಯಪಟ್ಟಿತು. ಈ ತೀರ್ಪು ನೌಕರರಿಗಿಂತಲೂ ಕಡತ ನಿರ್ವಹಿಸುವ ಅಧಿಕಾರಿಗಳ ಗಮನಕ್ಕೆ ಬರಬೇಕಾದುದು.

ಕೇಂದ್ರ ಸರ್ಕಾರವು ದಿನಾಂಕ 18-8-2021ರ ಅಧಿಸೂಚನೆಯಲ್ಲಿ ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳ ಹೋರಾಟ ಸಿಬ್ಬಂದಿಯ ಹುದ್ದೆಗಳಿಗೆ ಕಲಂ 20ರಿಂದ ವಿನಾಯಿತಿ ನೀಡಿದೆ. ಸದರಿ ವಿನಾಯಿತಿಯು ಗಡಿ ಭದ್ರತಾ ಪಡೆ, ಕೇಂದ್ರ ಮೀಸಲು ಪೊಲೀಸ್ ಪಡೆ ಮುಂತಾದ ಕೇಂದ್ರ ಪಡೆಗಳ ಕುರಿತದ್ದು. ಅದನ್ನು ರಾಜ್ಯ ಪೊಲೀಸ್ ಸಿಬ್ಬಂದಿಯ ಕಡತದಲ್ಲಿ ಕಾರಣವಾಗಿ ನೀಡಲು ಬರುವುದಿಲ್ಲ.

ದೇಹದ ಗಾಯದಂತೆಯೇ ಮಾನಸಿಕ ಅಸ್ವಸ್ಥತೆಯೂ 2016ರ ಅಧಿನಿಯಮದ ಅನುಸೂಚಿಯಲ್ಲಿ ಸೇರಿದೆ. ಕೇಂದ್ರ ಮೀಸಲು ಪೊಲೀಸ್ ಪಡೆಯ ಅಧಿಕಾರಿಯೊಬ್ಬರ ಪ್ರಕರಣದಲ್ಲಿ (ರವೀಂದರ್ ಕುಮಾರ್ ಧಾರಿವಾಲ್, 2021) ಸರ್ವೋಚ್ಚ ನ್ಯಾಯಾಲಯವು ಮಾನಸಿಕ ಅಂಗವಿಕಲತೆಗೂ ಕಲಂ 20(4)ರ ರಕ್ಷಣೆಯನ್ನು ನೀಡಿತು. ತಲೆಗೆ ಪೆಟ್ಟಾದ ನಂತರ ಮರೆವು, ಸಿಟ್ಟು, ನಿದ್ರಾಹೀನತೆ ಕಾಣಿಸಿಕೊಂಡವರು ಸಂಕೋಚವಿಲ್ಲದೆ ಬೆಂಗಳೂರಿನ ನಿಮ್ಹಾನ್ಸ್‌ನಂತಹ ಸಂಸ್ಥೆಯಲ್ಲಿ ಪರೀಕ್ಷಿಸಿಕೊಂಡು ದಾಖಲೆ ಪಡೆಯುವುದು ಸೂಕ್ತ.

ಗಂಭೀರವಾಗಿ ಗಾಯಗೊಂಡವರು ಸೇವೆಗೆ ಮರಳಿ ಉನ್ನತ ಹುದ್ದೆಗೆ ಏರಿದ ನಿದರ್ಶನ ನಮ್ಮ ಇಲಾಖೆಯಲ್ಲಿಯೇ ಇದೆ. 1993ರ ಮೇ 24ರಂದು ಮಲೆ ಮಹದೇಶ್ವರ ಬೆಟ್ಟದ ಪ್ರದೇಶದಲ್ಲಿ ವೀರಪ್ಪನ್ ತಂಡ ನಡೆಸಿದ ದಾಳಿಯಲ್ಲಿ ಆಗ ಪೊಲೀಸ್ ಅಧೀಕ್ಷಕರಾಗಿದ್ದ ಶ್ರೀ ಗೋಪಾಲ್ ಹೊಸೂರ್ ಅವರು ತೀವ್ರವಾಗಿ ಗಾಯಗೊಂಡರು. ಚಿಕಿತ್ಸೆಯ ನಂತರ ಸೇವೆಗೆ ಮರಳಿದ ಅವರು ಮುಂದೆ ಪೊಲೀಸ್ ಮಹಾನಿರೀಕ್ಷಕರ ಹುದ್ದೆಯಲ್ಲಿ ಕಾರ್ಯನಿರ್ವಹಿಸಿದರು.

7. ಎರಡು ಬಗೆಯ ವೈದ್ಯಕೀಯ ಪ್ರಮಾಣ ಪತ್ರಗಳು

ಅಂಗವಿಕಲತೆಯ ಪ್ರಮಾಣ ಪತ್ರ ಮತ್ತು ಸೇವೆಗೆ ಅಶಕ್ತರೆಂಬ ಪ್ರಮಾಣ ಪತ್ರ, ಇವೆರಡೂ ಒಂದೇ ಅಲ್ಲ.

ಅಂಗವಿಕಲತೆಯ ಪ್ರಮಾಣ ಪತ್ರವು ದೇಹಕ್ಕೆ ಆದ ನಷ್ಟವನ್ನು ಶೇಕಡಾವಾರು ಅಳೆಯುತ್ತದೆ. ಇದಕ್ಕೆ ಸ್ವಾವಲಂಬನ್ ಜಾಲತಾಣದ ಮೂಲಕ ಅರ್ಜಿ ಸಲ್ಲಿಸಿ, ಅಧಿಕೃತ ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆಗೆ ಹಾಜರಾಗಿ ವಿಶಿಷ್ಟ ಗುರುತಿನ ಚೀಟಿ (ಯು.ಡಿ.ಐ.ಡಿ.) ಪಡೆಯಬಹುದು. ಶೇಕಡಾ 40 ಎಂಬ ಮಿತಿಯು ಮೀಸಲಾತಿ ಮುಂತಾದ ಸೌಲಭ್ಯಗಳಿಗೆ ನಿಗದಿಪಡಿಸಿದ ಮಾನದಂಡವಾಗಿರುತ್ತದೆ. ಕಲಂ 20(4)ರಲ್ಲಿ ಅಂಗವಿಕಲತೆ ಎಂದಷ್ಟೇ ಇದ್ದು, ಈ ಶೇಕಡಾವಾರು ಮಿತಿಯನ್ನು ಅಲ್ಲಿ ನಮೂದಿಸಿರುವುದಿಲ್ಲ.

ಸೇವೆಗೆ ಅಶಕ್ತರೆಂಬ ಪ್ರಮಾಣ ಪತ್ರವು ಇಲಾಖೆಯ ಕೋರಿಕೆಯ ಮೇರೆಗೆ ವೈದ್ಯಕೀಯ ಮಂಡಳಿಯಿಂದ ದೊರೆಯುತ್ತದೆ. ಖಾಸಗಿ ವೈದ್ಯರ ಪತ್ರವು ಇದಕ್ಕೆ ಬದಲಾಗಲಾರದು. ಮಂಡಳಿಯ ಅಭಿಪ್ರಾಯವು ಸಾಮಾನ್ಯವಾಗಿ ಮೂರು ಬಗೆಯಲ್ಲಿ ಇರಬಹುದು: ಎಲ್ಲ ಬಗೆಯ ಸರ್ಕಾರಿ ಸೇವೆಗೂ ಪೂರ್ಣ ಮತ್ತು ಶಾಶ್ವತ ಅಶಕ್ತರು, ಪೊಲೀಸ್ ಕ್ಷೇತ್ರ ಕರ್ತವ್ಯಕ್ಕೆ ಮಾತ್ರ ಅಶಕ್ತರು, ಹಗುರವಾದ ಕೆಲಸಕ್ಕೆ ಶಕ್ತರು. ಮೊದಲನೆಯ ಅಭಿಪ್ರಾಯವು ಅಶಕ್ತತಾ ನಿವೃತ್ತಿಯ ಕಡೆಗೆ ಒಯ್ದರೆ, ಉಳಿದೆರಡು ಬೇರೆ ಹುದ್ದೆಯ ಕಡೆಗೆ ಒಯ್ಯುತ್ತವೆ. ಆದ್ದರಿಂದ ಮಂಡಳಿಗೆ ಬರೆಯುವ ಪತ್ರದಲ್ಲಿ ನೌಕರರು ಯಾವ ಬಗೆಯ ಕೆಲಸವನ್ನು ಮಾಡಬಲ್ಲರು ಎಂಬ ಬಗ್ಗೆಯೂ ಅಭಿಪ್ರಾಯ ಕೋರುವಂತೆ ಕಚೇರಿಗೆ ಮನವಿ ಸಲ್ಲಿಸತಕ್ಕದ್ದು. ಮಂಡಳಿಯ ಮುಂದೆ ಹಾಜರಾಗುವಾಗ ಶಸ್ತ್ರಚಿಕಿತ್ಸೆಯ ಟಿಪ್ಪಣಿ, ಎಕ್ಸ್‌ರೇ, ಸ್ಕ್ಯಾನ್ ಮತ್ತು ಬಿಡುಗಡೆ ಪತ್ರಗಳನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿ ಒಯ್ಯಬೇಕು.

8. ಅಶಕ್ತತಾ ನಿವೃತ್ತಿ ವೇತನ

ನೌಕರರು ಪೂರ್ಣ ಅಶಕ್ತರಾಗಿದ್ದು ಯಾವುದೇ ಕೆಲಸ ನಿರ್ವಹಿಸುವ ಸ್ಥಿತಿಯಲ್ಲಿ ಇಲ್ಲದಿದ್ದಲ್ಲಿ ಹಾಗೂ ತಾವೇ ತಿಳಿದು ನಿವೃತ್ತಿಯನ್ನು ಬಯಸಿದಲ್ಲಿ ಕರ್ನಾಟಕ ಸರ್ಕಾರಿ ಸೇವಾ ನಿಯಮಾವಳಿ, 1958ರ ನಾಲ್ಕನೆಯ ಭಾಗದಲ್ಲಿರುವ ಅಶಕ್ತತಾ ನಿವೃತ್ತಿ ವೇತನದ ನಿಯಮಗಳು ಅನ್ವಯಿಸುತ್ತವೆ. ಕನಿಷ್ಠ 10 ವರ್ಷಗಳ ಅರ್ಹತಾ ಸೇವೆ ಇದ್ದವರಿಗೆ ಮಾಸಿಕ ನಿವೃತ್ತಿ ವೇತನವೂ, ಅದಕ್ಕಿಂತ ಕಡಿಮೆ ಸೇವೆ ಇದ್ದವರಿಗೆ ಉಪದಾನವೂ ದೊರೆಯುತ್ತದೆ. ನಿವೃತ್ತಿ ವೇತನದ ಮೊತ್ತವು ಅರ್ಹತಾ ಸೇವೆಯ ಅವಧಿಯನ್ನು ಮತ್ತು ಕೊನೆಯ ವೇತನವನ್ನು ಅವಲಂಬಿಸಿರುತ್ತದೆ. 7ನೇ ರಾಜ್ಯ ವೇತನ ಆಯೋಗದ ಶಿಫಾರಸುಗಳನ್ನು 2024ರ ಆಗಸ್ಟ್ 1ರಿಂದ ಜಾರಿಗೊಳಿಸಿದಾಗ ಮಾಸಿಕ ನಿವೃತ್ತಿ ವೇತನದ ಕನಿಷ್ಠ ಮೊತ್ತವು ರೂ. 13,500 ಮತ್ತು ಗರಿಷ್ಠ ಮೊತ್ತವು ರೂ. 1,20,600 ಎಂದು ನಿಗದಿಯಾಯಿತು.

ವಿವರಣೆಗಾಗಿ ಒಂದು ಉದಾಹರಣೆಯನ್ನು ನೀಡಲಾಗಿದೆ. 44 ವರ್ಷ ವಯಸ್ಸಿನ, 20 ವರ್ಷ ಸೇವೆ ಸಲ್ಲಿಸಿದ ಹೆಡ್ ಕಾನ್‌ಸ್ಟೇಬಲ್ ಒಬ್ಬರು ಮೊಣಕಾಲಿನ ಕೆಳಗೆ ಕಾಲನ್ನು ಕಳೆದುಕೊಂಡಿದ್ದಾರೆ ಎಂದು ಭಾವಿಸೋಣ. ರಾಜ್ಯ ಸರ್ಕಾರಿ ನೌಕರರ ವಯೋನಿವೃತ್ತಿಯು 60 ವರ್ಷಕ್ಕೆ ಆಗುವುದರಿಂದ ಅವರಿಗೆ ಇನ್ನೂ 16 ವರ್ಷಗಳ ಸೇವೆ ಉಳಿದಿದೆ. ಅವರು ಕೃತಕ ಕಾಲಿನ ನೆರವಿನಿಂದ ಕಚೇರಿಯ ಕೆಲಸ ಮಾಡಬಲ್ಲವರಾದಲ್ಲಿ ಆ 16 ವರ್ಷಗಳ ಪೂರ್ಣ ವೇತನ, ವಾರ್ಷಿಕ ಬಡ್ತಿ, ತುಟ್ಟಿಭತ್ಯೆ ಮತ್ತು ಪದೋನ್ನತಿಯ ಅವಕಾಶಕ್ಕೆ ಅರ್ಹರು. ನಂತರ ದೊರೆಯುವ ನಿವೃತ್ತಿ ವೇತನವೂ ಅದಕ್ಕೆ ತಕ್ಕಂತೆ ಹೆಚ್ಚಿರುತ್ತದೆ. ಈಗಲೇ ನಿವೃತ್ತಿ ಹೊಂದಿದಲ್ಲಿ 20 ವರ್ಷಗಳ ಸೇವೆಯ ಮೇಲೆ ಲೆಕ್ಕ ಹಾಕಿದ ಮೊತ್ತ ಮಾತ್ರ ದೊರೆಯುತ್ತದೆ. ಮಕ್ಕಳ ವಿದ್ಯಾಭ್ಯಾಸ, ಮನೆ ಸಾಲ, ಪೊಲೀಸ್ ವಸತಿಗೃಹ ಇವೆಲ್ಲವೂ ಈ ತೀರ್ಮಾನದ ಮೇಲೆ ನಿಂತಿರುತ್ತವೆ. ಆದ್ದರಿಂದ ಎರಡೂ ಲೆಕ್ಕಗಳನ್ನು ಕಚೇರಿಯ ಲೆಕ್ಕ ಶಾಖೆಯಿಂದ ಬರಹದಲ್ಲಿ ಪಡೆದು, ಕುಟುಂಬದವರೊಡನೆ ಸಮಾಲೋಚಿಸಿದ ನಂತರವೇ ತೀರ್ಮಾನಿಸುವುದು ಒಳಿತು.

ಸ್ವಇಚ್ಛಾ ನಿವೃತ್ತಿ ಮತ್ತು ಅಶಕ್ತತಾ ನಿವೃತ್ತಿ ಬೇರೆ ಬೇರೆ ಎಂಬುದನ್ನೂ ಗಮನಿಸಬೇಕು. ರಾಜೀನಾಮೆಯಂತೂ ಇವೆರಡಕ್ಕಿಂತ ಭಿನ್ನವಾದುದು. ಅದರಿಂದ ಹಿಂದಿನ ಸೇವೆಯ ಲಾಭವೇ ನಷ್ಟವಾಗಬಹುದು. ಅರ್ಜಿಯಲ್ಲಿಯೂ ಆದೇಶದಲ್ಲಿಯೂ ನಿವೃತ್ತಿಯ ಕಾರಣವು ಸ್ಪಷ್ಟವಾಗಿ ಇರತಕ್ಕದ್ದು.

9. ಅಸಾಧಾರಣ ನಿವೃತ್ತಿ ವೇತನ

ಕರ್ತವ್ಯದ ಅಪಾಯದಿಂದ ಅಥವಾ ಕರ್ತವ್ಯದ ಕಾರಣಕ್ಕಾಗಿ ನಡೆದ ದಾಳಿಯಿಂದ ಗಾಯಗೊಂಡವರಿಗೆ ಸಾಮಾನ್ಯ ನಿವೃತ್ತಿ ವೇತನದ ನಿಯಮಗಳಲ್ಲದೆ ಅಸಾಧಾರಣ ನಿವೃತ್ತಿ ವೇತನದ ನಿಯಮಗಳೂ ಇರುತ್ತವೆ. ಗಾಯದ ತೀವ್ರತೆ ಮತ್ತು ಕರ್ತವ್ಯದೊಡನೆ ಅದಕ್ಕಿರುವ ಸಂಬಂಧ, ಈ ಎರಡೂ ದಾಖಲೆಗಳಿಂದ ಸಾಬೀತಾಗಬೇಕು. ಇದಕ್ಕಾಗಿ 4ನೇ ಕಂಡಿಕೆಯಲ್ಲಿ ಸೂಚಿಸಿದ ದಾಖಲೆಗಳು, ವೈದ್ಯಕೀಯ ಮಂಡಳಿಯ ವರದಿ ಮತ್ತು ಅಧೀಕ್ಷಕರ ಶಿಫಾರಸು ಅವಶ್ಯ. ಈ ಕೋರಿಕೆಯನ್ನು ಸಾಮಾನ್ಯ ನಿವೃತ್ತಿ ವೇತನದ ಅರ್ಜಿಯೊಡನೆ ಪ್ರತ್ಯೇಕ ಪತ್ರದಲ್ಲಿ ಸಲ್ಲಿಸಬೇಕು. ಅರ್ಜಿದಾರರು ಕೋರದಿದ್ದಲ್ಲಿ ಇದು ಪರಿಶೀಲನೆಗೆ ಬಾರದೆ ಹೋಗುವ ಸಂಭವವಿರುತ್ತದೆ.

10. 2006ರ ಏಪ್ರಿಲ್ 1ರ ನಂತರ ಸೇವೆಗೆ ಸೇರಿದವರು

ದಿನಾಂಕ 1-4-2006ರಂದು ಅಥವಾ ಆ ನಂತರ ರಾಜ್ಯ ಸರ್ಕಾರಿ ಸೇವೆಗೆ ಸೇರಿದವರಿಗೆ ರಾಷ್ಟ್ರೀಯ ಪಿಂಚಣಿ ಯೋಜನೆ (ಎನ್.ಪಿ.ಎಸ್.) ಅನ್ವಯಿಸುತ್ತದೆ. ಸದರಿ ದಿನಾಂಕಕ್ಕೆ ಮೊದಲು ಹೊರಡಿಸಿದ ನೇಮಕಾತಿ ಅಧಿಸೂಚನೆಯ ಮೂಲಕ ಆಯ್ಕೆಯಾಗಿ ನಂತರ ಸೇವೆಗೆ ಸೇರಿದವರಿಗೆ ಹಳೆಯ ಯೋಜನೆಗೆ ಬರುವ ಅವಕಾಶವನ್ನು ಸರ್ಕಾರವು 2024ರ ಜನವರಿಯಲ್ಲಿ ಕಲ್ಪಿಸಿತು. ಅಂತಹವರು ತಮ್ಮ ಆಯ್ಕೆಯು ಸೇವಾ ಪುಸ್ತಕದಲ್ಲಿ ದಾಖಲಾಗಿದೆಯೇ ಎಂದು ಖಚಿತಪಡಿಸಿಕೊಳ್ಳಬೇಕು.

ಎನ್.ಪಿ.ಎಸ್. ನೌಕರರ ಖಾತೆಯಲ್ಲಿರುವ ಮೊತ್ತದ ವಿಲೇವಾರಿಯು ಪಿಂಚಣಿ ನಿಧಿ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರದ 2015ರ ನಿರ್ಗಮನ ವಿನಿಯಮಗಳ ಮೇರೆಗೆ ನಡೆಯುತ್ತದೆ. ಅಂಗವಿಕಲತೆಯಿಂದ ಸೇವೆ ಬಿಡುವುದಕ್ಕೂ ಅವಧಿಗೆ ಮುನ್ನ ತಾವಾಗಿಯೇ ಸೇವೆ ಬಿಡುವುದಕ್ಕೂ ವ್ಯತ್ಯಾಸವಿರುವುದರಿಂದ ಕಾರಣದ ನಮೂದು ಇಲ್ಲಿಯೂ ಮುಖ್ಯ. ಕಲಂ 20(4)ರ ಸೇವಾ ರಕ್ಷಣೆಯು ಹಳೆಯ ಮತ್ತು ಹೊಸ ಯೋಜನೆಯ ನೌಕರರಿಬ್ಬರಿಗೂ ಸಮಾನವಾಗಿ ಅನ್ವಯಿಸುತ್ತದೆ. ಅಲ್ಪ ಸೇವೆಯ ಎನ್.ಪಿ.ಎಸ್. ನೌಕರರ ಖಾತೆಯಲ್ಲಿ ಹೆಚ್ಚಿನ ಮೊತ್ತ ಇರಲಾರದು. ಆದ್ದರಿಂದ ಅವರಿಗೆ ಈ ರಕ್ಷಣೆ ಹೆಚ್ಚು ಮಹತ್ವದ್ದು.

11. ಇತರೆ ಪರಿಹಾರಗಳು

– ಮೋಟಾರು ವಾಹನ ಅಪಘಾತವಾಗಿದ್ದಲ್ಲಿ ಮೋಟಾರು ವಾಹನಗಳ ಅಧಿನಿಯಮ, 1988ರ ಮೇರೆಗೆ ಅಪಘಾತ ಪರಿಹಾರ ನ್ಯಾಯಾಧಿಕರಣದಲ್ಲಿ ಅರ್ಜಿ ಸಲ್ಲಿಸಬಹುದು. ಅಪಘಾತದ ದಿನದಿಂದ 6 ತಿಂಗಳೊಳಗೆ ಅರ್ಜಿ ಸಲ್ಲಿಸಬೇಕೆಂಬ ಉಪಬಂಧವು 1-4-2022ರಿಂದ ಜಾರಿಗೆ ಬಂದಿರುವುದರಿಂದ ವಿಳಂಬ ಮಾಡಬಾರದು. ರಾಜ್ಯ ಸರ್ಕಾರದ ವಾಹನಗಳ ವಿಮೆಯನ್ನು ಕರ್ನಾಟಕ ಸರ್ಕಾರಿ ವಿಮಾ ಇಲಾಖೆಯ ಮೋಟಾರು ಶಾಖೆಯು ನೋಡಿಕೊಳ್ಳುತ್ತದೆ.
– ಹಲ್ಲೆಯಿಂದ ಗಾಯಗೊಂಡವರು ಸಂತ್ರಸ್ತರ ಪರಿಹಾರ ಯೋಜನೆಯ ಬಗ್ಗೆ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಿಚಾರಿಸಬಹುದು.
– ಸಂಬಳದ ಖಾತೆ ಇರುವ ಬ್ಯಾಂಕಿನಲ್ಲಿ ಅಪಘಾತ ವಿಮೆಯ ಸೌಲಭ್ಯ ಇದೆಯೇ, ಶಾಶ್ವತ ಅಂಗವಿಕಲತೆ ಅದರ ವ್ಯಾಪ್ತಿಗೆ ಬರುತ್ತದೆಯೇ ಎಂದು ತಿಳಿದುಕೊಳ್ಳತಕ್ಕದ್ದು.
– ಕರ್ನಾಟಕ ಪೊಲೀಸ್ ಅಧಿನಿಯಮ, 1963 ಜಾರಿಗೆ ಬಂದ 1965ರ ಏಪ್ರಿಲ್ 2ರ ನೆನಪಿಗಾಗಿ ಪ್ರತಿ ವರ್ಷ ಏಪ್ರಿಲ್ 2ರಂದು ಪೊಲೀಸ್ ಧ್ವಜ ದಿನಾಚರಣೆ ನಡೆಯುತ್ತದೆ. ಧ್ವಜಗಳ ಮಾರಾಟದಿಂದ ಸಂಗ್ರಹವಾಗುವ ಹಣವು ಸೇವೆಯಲ್ಲಿರುವ ಹಾಗೂ ನಿವೃತ್ತ ಸಿಬ್ಬಂದಿಯ ಕಲ್ಯಾಣಕ್ಕೆ ವಿನಿಯೋಗವಾಗುತ್ತದೆ. ಕಲ್ಯಾಣ ನಿಧಿಯ ನೆರವಿಗಾಗಿ ಘಟಕಾಧಿಕಾರಿಗಳಿಗೆ ಅರ್ಜಿ ಸಲ್ಲಿಸಬಹುದು.

12. ಅಶಕ್ತತಾ ನಿವೃತ್ತಿ ಕೋರುವವರು ಸಲ್ಲಿಸಬೇಕಾದ ದಾಖಲೆಗಳು

(1) ನಿವೃತ್ತಿಯ ಕಾರಣವನ್ನು ನಮೂದಿಸಿದ ಅರ್ಜಿ. (2) ವೈದ್ಯಕೀಯ ಮಂಡಳಿಯ ಪ್ರಮಾಣ ಪತ್ರ. (3) ಪೂರ್ಣಗೊಳಿಸಿ ದೃಢೀಕರಿಸಿದ ಸೇವಾ ಪುಸ್ತಕ. (4) ಘಟನೆಯ ದಾಖಲೆಗಳು ಮತ್ತು ಎಫ್.ಐ.ಆರ್. ಪ್ರತಿ; (5) ನಿಗದಿತ ನಮೂನೆಗಳಲ್ಲಿ ನಿವೃತ್ತಿ ವೇತನದ ಅರ್ಜಿ, ಕುಟುಂಬದ ವಿವರ ಮತ್ತು ನಾಮನಿರ್ದೇಶನ; (6) ದಂಪತಿಗಳ ಭಾವಚಿತ್ರ, ಬ್ಯಾಂಕ್ ಖಾತೆಯ ವಿವರ; (7) ಬೇಬಾಕಿ ಪ್ರಮಾಣ ಪತ್ರ; (8) ಅಸಾಧಾರಣ ನಿವೃತ್ತಿ ವೇತನ ಕೋರುವುದಾದಲ್ಲಿ ಪ್ರತ್ಯೇಕ ಮನವಿ.

ಘಟಕದ ಕಚೇರಿಯು ಕಡತವನ್ನು ಸಿದ್ಧಪಡಿಸಿ ಬೆಂಗಳೂರಿನ ಮಹಾಲೇಖಪಾಲರ (ಲೆಕ್ಕ ಮತ್ತು ಹಕ್ಕುದಾರಿಕೆ) ಕಚೇರಿಗೆ ಕಳುಹಿಸುತ್ತದೆ. ಅಲ್ಲಿಂದ ಮಂಜೂರಾತಿ ಬಂದ ನಂತರ ಖಜಾನೆಯ ಮೂಲಕ ಪಾವತಿ ಆರಂಭವಾಗುತ್ತದೆ. ಸೇವಾ ಪುಸ್ತಕದಲ್ಲಿನ ಜನ್ಮ ದಿನಾಂಕದ ತಿದ್ದುಪಡಿ, ಬಿಟ್ಟುಹೋದ ಸೇವಾ ದೃಢೀಕರಣ, ಹೆಸರಿನ ವ್ಯತ್ಯಾಸ ಇವುಗಳಿಂದ ಕಡತಗಳು ಆಕ್ಷೇಪಣೆಯೊಂದಿಗೆ ಹಿಂತಿರುಗುತ್ತವೆ.

13. ತೀರ್ಮಾನದಿಂದ ಬಾಧಿತರಾದವರಿಗೆ ಇರುವ ಮಾರ್ಗಗಳು

– 2016ರ ಅಧಿನಿಯಮದ ಕಲಂ 23ರ ಮೇರೆಗೆ ಪ್ರತಿಯೊಂದು ಸರ್ಕಾರಿ ಸಂಸ್ಥೆಯೂ ಕುಂದುಕೊರತೆ ನಿವಾರಣಾ ಅಧಿಕಾರಿಯನ್ನು ನೇಮಿಸತಕ್ಕದ್ದು. ಕಲಂ 20ರ ಉಲ್ಲಂಘನೆಯ ಬಗ್ಗೆ ಅವರಿಗೆ ದೂರು ನೀಡಿದಲ್ಲಿ, ದೂರು ನೋಂದಣಿಯಾದ 2 ವಾರಗಳೊಳಗೆ ವಿಚಾರಣೆ ನಡೆಸಬೇಕು. ತೃಪ್ತಿಯಾಗದಿದ್ದಲ್ಲಿ ಜಿಲ್ಲಾ ಮಟ್ಟದ ಸಮಿತಿಯ ಮೊರೆ ಹೋಗಬಹುದು.
– ಅದೇ ಅಧಿನಿಯಮದ ಮೇರೆಗೆ ನೇಮಕಗೊಂಡ ರಾಜ್ಯ ಆಯುಕ್ತರಿಗೆ ದೂರು ಸಲ್ಲಿಸಬಹುದು.
– ಕಡತದ ಟಿಪ್ಪಣಿ, ವೈದ್ಯಕೀಯ ಮಂಡಳಿಯ ವರದಿ ಮುಂತಾದವುಗಳ ಪ್ರತಿಗಳನ್ನು ಮಾಹಿತಿ ಹಕ್ಕು ಅಧಿನಿಯಮ, 2005ರ ಮೇರೆಗೆ ಕೋರಬಹುದು. 30 ದಿನಗಳೊಳಗೆ ಉತ್ತರ ನೀಡತಕ್ಕದ್ದು.
– ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿಗೆ ಅಂತಿಮ ಆದೇಶದ ದಿನಾಂಕದಿಂದ 1 ವರ್ಷದೊಳಗೆ ಅರ್ಜಿ ಸಲ್ಲಿಸಬಹುದು. ಮೇಲ್ಮನವಿ ಸಲ್ಲಿಸಿ 6 ತಿಂಗಳು ಕಳೆದರೂ ಆದೇಶವಾಗದಿದ್ದಲ್ಲಿ, ಆ 6 ತಿಂಗಳು ಮುಗಿದ ದಿನದಿಂದ 1 ವರ್ಷದ ಅವಧಿಯನ್ನು ಎಣಿಸಲಾಗುತ್ತದೆ.
– ಕಾನೂನು ಸೇವಾ ಪ್ರಾಧಿಕಾರಗಳ ಅಧಿನಿಯಮ, 1987ರ ಕಲಂ 12ರ ಮೇರೆಗೆ ಅಂಗವಿಕಲ ವ್ಯಕ್ತಿಗಳು ಉಚಿತ ಕಾನೂನು ನೆರವಿಗೆ ಅರ್ಹರು. ತಾಲ್ಲೂಕು ನ್ಯಾಯಾಲಯಗಳಲ್ಲಿರುವ ಕಾನೂನು ಸೇವಾ ಸಮಿತಿಗಳನ್ನು ಸಂಪರ್ಕಿಸಬಹುದು.

14. ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು

ಪ್ರಶ್ನೆ: ಹಗುರವಾದ ಕೆಲಸಕ್ಕೆ ಬದಲಾಯಿಸಿದರೆ ವೇತನ ಕಡಿಮೆಯಾಗುವುದೇ?
ಉತ್ತರ: ಇಲ್ಲ. ಅದೇ ವೇತನ ಶ್ರೇಣಿ ಮತ್ತು ಸೇವಾ ಸೌಲಭ್ಯಗಳು ಮುಂದುವರಿಯತಕ್ಕದ್ದು.

ಪ್ರಶ್ನೆ: ನಿವೃತ್ತಿ ಪಡೆದರೆ ಮಗನಿಗೆ ಅಥವಾ ಮಗಳಿಗೆ ಅನುಕಂಪದ ಆಧಾರದ ಮೇಲೆ ನೌಕರಿ ದೊರೆಯುವುದೇ?
ಉತ್ತರ: ಅನುಕಂಪದ ಆಧಾರದ ಮೇಲಿನ ನೇಮಕಾತಿಯ 1996ರ ನಿಯಮಗಳು ಸೇವೆಯಲ್ಲಿರುವಾಗ ಮೃತಪಟ್ಟ ನೌಕರರ ಅವಲಂಬಿತರಿಗಾಗಿ ರಚಿತವಾದವು. ಈ ಭರವಸೆಯ ಮೇಲೆ ಯಾರೂ ನಿವೃತ್ತಿ ಕೋರಬಾರದು.

ಪ್ರಶ್ನೆ: ನಿವೃತ್ತಿಯ ಅರ್ಜಿಯನ್ನು ಈಗಾಗಲೇ ಕೊಟ್ಟಿದ್ದರೆ ಏನು ಮಾಡಬೇಕು?
ಉತ್ತರ: ಆದೇಶ ಹೊರಡುವ ಮುನ್ನವೇ ಅರ್ಜಿಯನ್ನು ಹಿಂಪಡೆಯುವುದಾಗಿಯೂ ಕಲಂ 20(4)ರ ಮೇರೆಗೆ ಬೇರೆ ಹುದ್ದೆ ಕೋರುವುದಾಗಿಯೂ ಲಿಖಿತವಾಗಿ ತಿಳಿಸಿ ಸ್ವೀಕೃತಿ ಪಡೆಯತಕ್ಕದ್ದು. ಆದೇಶವಾಗಿದ್ದಲ್ಲಿ 13ನೇ ಕಂಡಿಕೆಯಲ್ಲಿ ತಿಳಿಸಿದ ಮಾರ್ಗಗಳು ಇರುತ್ತವೆ.

ಪ್ರಶ್ನೆ: ಗಾಯಾಳುವಿಗೆ ಸಹಿ ಮಾಡಲು ಸಾಧ್ಯವಿಲ್ಲದಿದ್ದಲ್ಲಿ?
ಉತ್ತರ: ಹೆಬ್ಬೆಟ್ಟಿನ ಗುರುತನ್ನು ಪತ್ರಾಂಕಿತ ಅಧಿಕಾರಿಯಿಂದ ದೃಢೀಕರಿಸಿ ಸಲ್ಲಿಸಬಹುದು. ವಿಷಯವನ್ನು ಅವರಿಗೆ ಓದಿ ತಿಳಿಸಿದ ಬಗ್ಗೆ ಷರಾ ಇರುವುದು ಒಳಿತು.

15. ಸೂಚನೆ

ಠಾಣಾಧಿಕಾರಿಗಳು ಮತ್ತು ಕಚೇರಿಯ ಶಾಖಾಧಿಕಾರಿಗಳು ತಮ್ಮ ಘಟಕದಲ್ಲಿ ಗಾಯಗೊಂಡ ಸಿಬ್ಬಂದಿಯಿಂದ ನಿವೃತ್ತಿಯ ಅರ್ಜಿ ಸ್ವೀಕರಿಸುವ ಮುನ್ನ ಸೇವಾ ರಕ್ಷಣೆಯ ಹಕ್ಕನ್ನು ಅವರಿಗೆ ತಿಳಿಸಿ, ತಿಳಿಸಿದ ಬಗ್ಗೆ ಕಡತದಲ್ಲಿ ನಮೂದಿಸುವುದು ಅಪೇಕ್ಷಣೀಯ. ಈ ಪುಟದಲ್ಲಿರುವ ವಿವರಗಳು ಸಾಮಾನ್ಯ ತಿಳುವಳಿಕೆಗಾಗಿ ಮಾತ್ರ. ಯಾವುದೇ ಪ್ರಕರಣದಲ್ಲಿ ಆಯಾ ಕಾಲಕ್ಕೆ ಜಾರಿಯಲ್ಲಿರುವ ಅಧಿನಿಯಮ, ನಿಯಮ ಮತ್ತು ಸರ್ಕಾರಿ ಆದೇಶಗಳೇ ಅಂತಿಮವಾಗಿರುತ್ತವೆ. ಹೆಚ್ಚಿನ ಮಾಹಿತಿಗಾಗಿ ಜಿಲ್ಲಾ ಪೊಲೀಸ್ ಕಚೇರಿಯ ಸಿಬ್ಬಂದಿ ಶಾಖೆಯನ್ನು ಕಚೇರಿಯ ವೇಳೆಯಲ್ಲಿ ಸಂಪರ್ಕಿಸಲು ಕೋರಲಾಗಿದೆ.